ಸೊಂಟದಿಂದ ಕಾಲಿಗೆ ಇಳಿಯುವ ನೋವು: ಏನು ಮಾಡಬೇಕು, ಎಲ್ಲಿಗೆ ಹೋಗಬೇಕು

ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಅಂದರೆ 20 ಕೆಜಿ ಭಾರ. ಅದನ್ನು ಬಾಗಿಲ ಹತ್ತಿರದಿಂದ ಬಗ್ಗಿ ಎತ್ತಿದೆ. ಬಗ್ಗಿದ ಸೊಂಟದಲ್ಲೇ ಪಕ್ಕಕ್ಕೆ ತಿರುಗಿದೆ. ಒಳಗೆ ಏನೋ ಹಿಡಿದುಕೊಂಡಿತು. ಉಳುಕಿರಬೇಕು ಅಂದುಕೊಂಡು ಎಣ್ಣೆ ಹಚ್ಚಿ ಮಲಗಿದೆ. ಮೂರನೇ ದಿನ ಬೆಳಗ್ಗೆ ಒಂದು ಸೀನು ಬಂತು ನೋಡಿ, ಎಡಗಡೆ ಕುಂಡಿಯಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ, ಅಲ್ಲಿಂದ ಕಿರುಬೆರಳ ತನಕ ಕರೆಂಟ್ ಹೊಡೆದ ಹಾಗಾಯಿತು. ಗೋಡೆ ಹಿಡಿದು ನಿಂತುಬಿಟ್ಟೆ.

ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಮಾಡುತ್ತೇನೆ. ದಿನಕ್ಕೆ ಎಂಟು ಗಂಟೆ ತಲೆ ಬಗ್ಗಿಸಿ ಕೂರುವುದೇ ಕೆಲಸ. ಆವಾಗ ಯಾರ ಹತ್ತಿರ ಹೋಗಬೇಕು, ಏನು ಮಾಡಬಾರದು ಅಂತ ಹೇಳುವವರು ಯಾರೂ ಇರಲಿಲ್ಲ, ಸಲಹೆ ಕೊಡುವವರು ಮಾತ್ರ ಬೀದಿ ತುಂಬ ಇದ್ದರು. ಈಗ ಇದೇ ನೋವಿನಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ನೋವು ಯಾವುದು ಅಂತ ನೋಡಿಕೊಳ್ಳಿ. ಸೊಂಟದಲ್ಲೇ ಇದ್ದು, ಕುಂಡಿಯ ತನಕ ಮಾತ್ರ ಹರಡುವ ನೋವು ಬಹಳಷ್ಟು ಸಲ ಸ್ನಾಯು, ಕೀಲುಗಳದ್ದು. ಮಂಡಿ ದಾಟಿ ಕೆಳಗೆ ಇಳಿದರೆ, ಜೊತೆಗೆ ಜೋಮು, ಉರಿ, ಸೂಜಿ ಚುಚ್ಚಿದ ಹಾಗೆ ಆದರೆ ಅದು ಸಯಾಟಿಕಾ ಇರಬಹುದು. ಸಯಾಟಿಕ್ ಅನ್ನುವುದು ಮೈಯಲ್ಲೇ ಅತಿ ದಪ್ಪನೆಯ ನರ. ಸೊಂಟದ ಕೆಳಭಾಗದಲ್ಲಿ ಹುಟ್ಟಿ, ಕುಂಡಿಯ ಒಳಗಿಂದ ಹಾದು, ಕಾಲಿನ ಹಿಂದೆ ಇಳಿಯುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಅಥವಾ ಜಾರಿ ಇದರ ಬೇರನ್ನು ಒತ್ತುವುದೇ ಸಾಮಾನ್ಯ ಕಾರಣ. ರಿಪೋರ್ಟುಗಳಲ್ಲಿ ಎಲ್4-ಎಲ್5, ಎಲ್5-ಎಸ್1 ಅಂತ ಬರುತ್ತದಲ್ಲ, ಜಾಸ್ತಿ ತೊಂದರೆ ಕೊಡುವ ಜಾಗಗಳು ಇವೇ ಎರಡು. ಎಲ್ ಅಂದರೆ ಸೊಂಟದ ಮೂಳೆ, ಎಸ್ ಅಂದರೆ ಅದರ ಕೆಳಗಿನ ಮೂಳೆ, ಪಕ್ಕದ ಅಂಕಿ ಎಷ್ಟನೆಯದು ಅಂತ.

ಒಂದು ಹಾಳೆಯಲ್ಲಿ ಕಾಲಿನ ಚಿತ್ರ ಬರೆದು ನೋವಿನ ದಾರಿ ಗುರುತು ಮಾಡಿ. ಚೆನ್ನಾಗಿ ಬರೆಯಬೇಕು ಅಂತೇನಿಲ್ಲ. ಮೀನಖಂಡದ ಹೊರಬದಿ, ಪಾದದ ಮೇಲ್ಭಾಗ, ಹೆಬ್ಬೆರಳಿನ ಕಡೆ ಹೋದರೆ ಸಾಮಾನ್ಯವಾಗಿ ಎಲ್5 ನರದ ಬೇರು. ಹಿಮ್ಮಡಿ, ಅಂಗಾಲು, ಕಿರುಬೆರಳಿನ ಕಡೆ ಹೋದರೆ ಎಸ್1. ಹಾಗೇ ಒಂದು ಕೈ ಗೋಡೆಯ ಹತ್ತಿರ ಇಟ್ಟುಕೊಂಡು ಹತ್ತು ಹೆಜ್ಜೆ ಹಿಮ್ಮಡಿಯಲ್ಲಿ, ಹತ್ತು ಹೆಜ್ಜೆ ತುದಿಗಾಲಲ್ಲಿ ನಡೆಯಿರಿ. ನೋವಾಗುವುದು ಬೇರೆ, ಪಾದ ಎತ್ತಲಿಕ್ಕೇ ಆಗದಿರುವುದು ಬೇರೆ. ಎತ್ತಲು ಆಗದಿದ್ದರೆ ನರ ಸೋಲುತ್ತಿದೆ ಅಂತ ಅರ್ಥ, ಮಾರನೇ ದಿನಕ್ಕೇ ಡಾಕ್ಟರನ್ನು ನೋಡಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಉಚ್ಚೆ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೇ ಹೋಗುತ್ತಿದ್ದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟಿದರೆ, ಎರಡೂ ಕಾಲಿನ ಶಕ್ತಿ ಕುಸಿದರೆ, ಬೆಳಗಾಗಲಿ ಅಂತ ಕಾಯಬೇಡಿ. ಅವತ್ತೇ, ರಾತ್ರಿ ಎರಡು ಗಂಟೆಯಾದರೂ ಸರಿ, ಎಂಆರ್‌ಐ ಮತ್ತು ಬೆನ್ನುಹುರಿಯ ಆಪರೇಷನ್ ಎರಡೂ ಇರುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಇದನ್ನು ಹೇಳಿಕೊಳ್ಳಲು, ಅದರಲ್ಲೂ ಹೆಂಗಸರು, ತುಂಬಾ ಮುಜುಗರ ಪಡುತ್ತಾರೆ. ದಯವಿಟ್ಟು ಹೇಳಿ. ತಡವಾದರೆ ಆ ಹಿಡಿತ ಪೂರ್ತಿ ವಾಪಸ್ ಬರದೇ ಹೋಗಬಹುದು. ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗಿನ ನೋವು, ಹಿಂದೆ ಕ್ಯಾನ್ಸರ್ ಆದವರಿಗೆ ಬಂದ ನೋವು, ಇವನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಇವೇನೂ ಇಲ್ಲವಾ? ಹಾಗಾದರೆ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಬಹುಪಾಲು ಜನರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆಯೇ ನೋವು ಇಳಿಯುತ್ತದೆ. ಜಾರಿದ ಡಿಸ್ಕಿನ ತುಂಡನ್ನು ಎಷ್ಟೋ ಸಲ ದೇಹವೇ ನಿಧಾನವಾಗಿ ಕರಗಿಸಿಬಿಡುತ್ತದೆ. ಇದು ನನಗೆ ಗೊತ್ತಾದ ದಿನ ಅರ್ಧ ನೋವು ಹೋಯಿತು ಅನ್ನಿಸಿತ್ತು.

ಮೊದಲ ವಾರ ಎಲ್ಲರೂ "ಅಲ್ಲಾಡದೆ ಮಲಗು" ಅನ್ನುತ್ತಾರೆ. ಒಂದೆರಡು ದಿನ ಸಾಕು, ಅದಕ್ಕಿಂತ ಜಾಸ್ತಿ ಮಲಗಿದರೆ ಸೊಂಟ ಇನ್ನಷ್ಟು ಬಿಗಿಯುತ್ತದೆ. ನೋವು ತಡೆಯಲಾಗದ ಹೊತ್ತಿನಲ್ಲಿ ನೆಲದ ಮೇಲೆ ಚಾಪೆ ಹಾಕಿ ಅಂಗಾತ ಮಲಗಿ, ಎರಡೂ ಮೀನಖಂಡವನ್ನು ಕುರ್ಚಿಯ ಮೇಲೆ ಇಟ್ಟುಕೊಳ್ಳಿ. ಹತ್ತು ನಿಮಿಷ ಹಾಗೇ ಇರಿ. ರಾತ್ರಿ ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ಏಳುವಾಗ ಸೀದಾ ಎದ್ದು ಕೂರಬೇಡಿ, ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಬಿಸಿ ನೀರಿನ ಚೀಲ ಇಡಬಹುದು. ಮರಗಟ್ಟಿದ ಜಾಗಕ್ಕೆ ಮಾತ್ರ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಬಡಾವಣೆಯ ಪಾರ್ಕಿನಲ್ಲಿ ಐದೈದು ನಿಮಿಷ, ದಿನಕ್ಕೆ ನಾಲ್ಕೈದು ಸಲ ನಡೆಯಿರಿ. ಒಂದೇ ಸಲ ಲಾಲ್‌ಬಾಗ್ ಸುತ್ತು ಹಾಕುವುದೆಲ್ಲ ಆಮೇಲೆ.

ಮಾತ್ರೆ ವಿಷಯದಲ್ಲಿ ಹುಷಾರು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ್ದನ್ನು ವಾರಗಟ್ಟಲೆ ನುಂಗಬೇಡಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ಬಿಪಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ನರದ ಮಾತ್ರೆ ಅಂತ ಪ್ರೆಗಾಬಲಿನ್ ಬರೆದುಕೊಡುತ್ತಾರೆ. ಅದರಿಂದ ತಲೆ ಸುತ್ತು, ಮಂಪರು ಬರುತ್ತದೆ. ಸಯಾಟಿಕಾಗೆ ಅದು ಪ್ರಯೋಜನ ಕೊಡುವುದಿಲ್ಲ ಅಂತ 2017ರಲ್ಲಿ ಬಂದ ಒಂದು ಅಧ್ಯಯನ ಹೇಳಿತ್ತು. ಹಾಗಂತ ನಿಮಗೆ ನೀವೇ ನಿಲ್ಲಿಸಬೇಡಿ. ಎಷ್ಟು ದಿನ, ಯಾಕೆ ಅಂತ ಕೇಳಿ. ಅದನ್ನು ನುಂಗಿ ಸ್ಕೂಟರ್ ಅಂತೂ ಓಡಿಸಬೇಡಿ.

ಡಾಕ್ಟರ್ ಅಂದರೆ ಮೊದಲು ಮೂಳೆ ಡಾಕ್ಟರ್ ಸಾಕು. ಸರ್ಕಾರಿ ಆಸ್ಪತ್ರೆ ಬೇಕು ಅನ್ನುವವರಿಗೆ ಜಯನಗರ ಕಡೆ ಸಂಜಯ್ ಗಾಂಧಿ ಆಸ್ಪತ್ರೆ ಇದೆ, ಅದು ಮೂಳೆ ಮತ್ತು ಅಪಘಾತದ ಚಿಕಿತ್ಸೆಗೇ ಇರುವ ಸಂಸ್ಥೆ. ಕೆ.ಆರ್. ಮಾರ್ಕೆಟ್ ಹತ್ತಿರ ವಿಕ್ಟೋರಿಯಾ, ಶಿವಾಜಿನಗರದಲ್ಲಿ ಬೌರಿಂಗ್, ಮಲ್ಲೇಶ್ವರದಲ್ಲಿ ಕೆ.ಸಿ. ಜನರಲ್ ಇವೆ. ಬೆಳಗ್ಗೆ ಬೇಗ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಸಾಲಿನಲ್ಲಿ ನಿಲ್ಲುವುದೇ ದೊಡ್ಡ ಕಷ್ಟ. ಡಾಕ್ಟರ್ ನಿಮ್ಮನ್ನು ಮಲಗಿಸಿ, ಕಾಲನ್ನು ನೇರವಾಗಿ ಮೇಲೆತ್ತಿ ನೋಡಬೇಕು, ಕಾಲಿನ ಹೆಬ್ಬೆರಳನ್ನು ಎಷ್ಟು ಗಟ್ಟಿಯಾಗಿ ಮೇಲಕ್ಕೆ ಒತ್ತುತ್ತೀರಿ ಅಂತ ನೋಡಬೇಕು, ಸುತ್ತಿಗೆಯಿಂದ ಮಂಡಿ, ಹಿಮ್ಮಡಿ ತಟ್ಟಬೇಕು. ಚಪ್ಪಲಿ ಕೂಡ ಬಿಚ್ಚಿಸದೆ ಎಂಆರ್‌ಐ ಬರೆದರೆ ಇನ್ನೊಬ್ಬರ ಹತ್ತಿರ ಹೋಗಿ.

ನನಗೆ ಆಗಿದ್ದು ಅದೇ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಹತ್ತೇ ದಿನಕ್ಕೆ ಸ್ಕ್ಯಾನ್ ಮಾಡಿಸಿ, ಫಿಲಂ ಬೆಳಕಿಗೆ ಹಿಡಿದು "ಈ ವಾರವೇ ಆಪರೇಷನ್, ಇಲ್ಲದಿದ್ದರೆ ಕಾಲು ಹೋಗುತ್ತದೆ" ಅಂದರು. ಕಾಲಿನ ಶಕ್ತಿ ಪರೀಕ್ಷೆ ಮಾಡಿರಲಿಲ್ಲ. ನಮ್ಮ ಮನೆಯವರು ಅವತ್ತು ಅತ್ತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡನೇ ಡಾಕ್ಟರ್ ಕಾಲು ಪರೀಕ್ಷೆ ಮಾಡಿ, "ಶಕ್ತಿ ಚೆನ್ನಾಗಿದೆ, ಆರು ವಾರ ನೋಡೋಣ" ಅಂದರು. ನೋವೇ ಇಲ್ಲದವರಿಗೆ ಸ್ಕ್ಯಾನ್ ಮಾಡಿದರೂ ಎಷ್ಟೋ ಜನರಿಗೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಅದಕ್ಕೇ ಅಪಾಯದ ಲಕ್ಷಣ ಇಲ್ಲದಿದ್ದರೆ ಮೊದಲ ಆರು ವಾರ ಎಂಆರ್‌ಐ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದು ಫಿಸಿಯೋಥೆರಪಿ. ಆದರೆ ಕರೆಂಟ್ ಕೊಡುವ ಮೆಷಿನ್ ಅಲ್ಲ, ವ್ಯಾಯಾಮ. ಫಿಸಿಯೋ ಹುಡುಗಿ ನನ್ನನ್ನು ಬೋರಲು ಮಲಗಿಸಿ, ಎರಡು ನಿಮಿಷ ಸುಮ್ನೆ ಇರಿ ಅಂದರು. ಆಮೇಲೆ ಮೊಣಕೈ ಊರಿ ಎದೆ ಎತ್ತಿಸಿದರು. ಆಮೇಲೆ ಅಂಗೈ ಊರಿ, ಸೊಂಟ ಚಾಪೆಗೇ ಬಿಟ್ಟು, ಮೈ ಮಾತ್ರ ಮೇಲೆ. ಹತ್ತು ಸಲ.

"ಈಗ ನೋವು ಎಲ್ಲಿದೆ ಸರ್?"

"ಕಾಲಿನಲ್ಲಿ ಕಡಿಮೆ ಮೇಡಂ, ಆದರೆ ಸೊಂಟದಲ್ಲಿ ಜಾಸ್ತಿ ಆಯ್ತು."

"ಒಳ್ಳೇದು. ಅದೇ ಬೇಕಾಗಿದ್ದು."

ನೋವು ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಮೇಲೇರುತ್ತಿದ್ದರೆ ನರದ ಮೇಲಿನ ಒತ್ತಡ ಇಳಿಯುತ್ತಿದೆ ಅಂತ, ಸೊಂಟ ಸ್ವಲ್ಪ ಹೆಚ್ಚು ನೋಯುತ್ತಿದ್ದರೂ. ವ್ಯಾಯಾಮ ಮಾಡಿದ ಮೇಲೆ ನೋವು ಇನ್ನೂ ಕೆಳಕ್ಕೆ ಇಳಿದರೆ ತಕ್ಷಣ ನಿಲ್ಲಿಸಿ, ಅದು ನಿಮಗಲ್ಲ. ಈ ಹಿಂದಕ್ಕೆ ಬಾಗುವ ವ್ಯಾಯಾಮ ಎಲ್ಲರಿಗೂ ಆಗುವುದಿಲ್ಲ. ವಯಸ್ಸಾದವರಿಗೆ ನರದ ದಾರಿಯೇ ಕಿರಿದಾಗಿ ಬರುವ ನೋವು ಬೇರೆ ಥರ. ಸ್ವಲ್ಪ ದೂರ ನಡೆದರೆ ಕಾಲು ಸೋಲುತ್ತದೆ, ಮುಂದಕ್ಕೆ ಬಗ್ಗಿದರೆ ಅಥವಾ ಕೂತರೆ ಹಾಯಾಗುತ್ತದೆ. ಅಂಥವರಿಗೆ ಹಿಂದಕ್ಕೆ ಬಾಗಿಸಿದರೆ ನೋವು ಜಾಸ್ತಿಯೇ ಆಗುತ್ತದೆ. ಅದಕ್ಕೇ ಒಂದು ಸಲ ಕೈಯಿಂದ ಪರೀಕ್ಷೆ ಮಾಡಿ ಹೇಳಿಕೊಡುವವರು ಬೇಕು, ವಿಡಿಯೋ ಸಾಲದು.

ಆಯುರ್ವೇದದಲ್ಲಿ ಇದಕ್ಕೆ ಗೃಧ್ರಸಿ ಅನ್ನುತ್ತಾರೆ. ಮೆಜೆಸ್ಟಿಕ್ ಪಕ್ಕ ಧನ್ವಂತರಿ ರಸ್ತೆಯ ಜಯಚಾಮರಾಜೇಂದ್ರ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಕಟಿ ಬಸ್ತಿ ನನಗೂ ಹಿತ ಅನ್ನಿಸಿದೆ, ಬಿಗಿತ ಸಡಿಲವಾಗಿ ಆ ರಾತ್ರಿ ನಿದ್ದೆ ಬಂತು. ನಾನು ಹೇಳುವುದು ಎರಡೇ. ಕಾಲು ಮರಗಟ್ಟಿರುವಾಗ ಸೊಂಟ ಮುರಿದು ನೆಟ್ಟಿಗೆ ತೆಗೆಯುತ್ತೇನೆ, ನರ ಎಳೆಯುತ್ತೇನೆ ಅನ್ನುವವರ ಕೈಗೆ ಮೈ ಕೊಡಬೇಡಿ. ಹೆಸರಿಲ್ಲದ ಪೊಟ್ಟಣದ ಪುಡಿ ತಿನ್ನಬೇಡಿ, ಒಂದೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಯೋಗ ಮಾಡುವವರು ನೋವು ಇಳಿಯುವ ತನಕ ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನ, ಪಾದಹಸ್ತಾಸನ ಬಿಟ್ಟುಬಿಡಿ.

ಆರು ವಾರ ಕಳೆದರೂ ಜಗ್ಗದಿದ್ದರೆ ಆಗ ಎಂಆರ್‌ಐ ಮಾಡಿಸಿ. ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ನೋವು ತಗ್ಗಿಸುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಶುಗರ್ ಏರುತ್ತದೆ. ಆಪರೇಷನ್ ಕೆಟ್ಟದ್ದಲ್ಲ. ಕಾಲಿನ ನೋವು ಅದರಿಂದ ಬೇಗ ಇಳಿಯುತ್ತದೆ. ಆದರೆ ಬರೀ ಸೊಂಟ ನೋವಿಗೆ ಅಷ್ಟು ಕೆಲಸ ಮಾಡುವುದಿಲ್ಲ, ಮತ್ತು ಒಂದು ವರ್ಷ ಕಳೆದ ಮೇಲೆ ನೋಡಿದರೆ ಮಾಡಿಸಿಕೊಂಡವರು, ಕಾದವರು ಬಹಳಷ್ಟು ಸಲ ಹೆಚ್ಚೂಕಡಿಮೆ ಒಂದೇ ಕಡೆ ಇರುತ್ತಾರೆ. ಶಕ್ತಿ ಕುಸಿಯುತ್ತಿದ್ದರೆ ಮಾತ್ರ ಈ ಲೆಕ್ಕ ಹಾಕುತ್ತಾ ಕೂರಬೇಡಿ.

ಬೆಂಗಳೂರಿನಲ್ಲಿ ಓಡಾಟವೇ ಅರ್ಧ ಕಾಯಿಲೆ. ಬಿಎಂಟಿಸಿ ಬಸ್ಸಿನಲ್ಲಿ ಹಿಂದಿನ ಸೀಟು ಬೇಡ, ಹಂಪ್ ಹಾರಿದಾಗ ಪೂರ್ತಿ ಏಟು ಸೊಂಟಕ್ಕೇ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಕೂರಿ. ಮೆಟ್ರೋ ಸಿಗುವ ದಾರಿಯಾದರೆ ಎರಡು ತಿಂಗಳು ಸ್ಕೂಟರ್ ಮನೆಯಲ್ಲೇ ಇರಲಿ. ಹಿಂದಿನ ಜೇಬಿನ ಪರ್ಸ್ ಮುಂದಕ್ಕೆ ಬರಲಿ. ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ನಾನು ಈಗ ಪ್ರೂಫನ್ನು ಓರೆ ಹಲಗೆಯ ಮೇಲೆ ಇಟ್ಟುಕೊಂಡು, ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಕೂತು, ಒಂದು ಫಾರಂ ನಿಂತು ಓದುತ್ತೇನೆ.

ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ ಇರುತ್ತದೆ. ಅದನ್ನು ತಂದುಕೊಡುವವರನ್ನೇ ಅಡುಗೆಮನೆ ತನಕ ಇಟ್ಟುಕೊಡಿ ಅಂತ ಕೇಳಿ. ನೀರಿನ ಕ್ಯಾನ್ ಎತ್ತುವುದನ್ನು ಬಿಟ್ಟೇಬಿಡಿ. ಕ್ಯಾನ್ ಬಾಯಿಗೆ ಕೂರಿಸುವ, ಚಾರ್ಜ್ ಮಾಡುವ ಪುಟ್ಟ ಪಂಪ್ ಸಿಗುತ್ತದೆ. ನಮ್ಮ ಮನೆಯಲ್ಲಿ ಈಗ ಕ್ಯಾನ್ ಬಾಗಿಲ ಹತ್ತಿರ ಗಿಡ್ಡ ಸ್ಟೂಲಿನ ಮೇಲೇ ಇರುತ್ತದೆ. ಹುಡುಗ ತಂದು ಅಲ್ಲೇ ಇಡುತ್ತಾನೆ. ಬಟನ್ ಒತ್ತಿದರೆ ನೀರು ಬರುತ್ತದೆ.