ಹಳೆಯ ಮೋಟಾರ್ ಸೈಕಲ್ ಕೊಂಡು ಓಡಿಸುವವರಿಗೆ: ತುಮಕೂರು ಕಡೆಯಿಂದ ಕೆಲವು ಸೂಚನೆಗಳು

ಹಳೆಯ ಬೈಕ್ ಕೊಳ್ಳಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಬೈಕನ್ನು ಹುಡುಕುತ್ತಾರೆ, ಆಮೇಲೆ ಮೆಕ್ಯಾನಿಕ್‌ನನ್ನು ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅಂಗಳದಲ್ಲಿ ಅಲಂಕಾರಕ್ಕೆ ನಿಲ್ಲಿಸಲಿಕ್ಕಲ್ಲದೆ ಓಡಿಸಲಿಕ್ಕೆಂದೇ ಕೊಳ್ಳುವುದಾದರೆ, ಆ ಇಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲವರು ಹತ್ತಿರದಲ್ಲಿ ಯಾರಿದ್ದಾರೆ, ಬೋರಿಂಗ್ (ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಸಮ ಮಾಡುವ ಕೆಲಸ) ಮಾಡಿಕೊಡುವ ಲೇತ್ ಅಂಗಡಿ ಎಲ್ಲಿದೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಆ ಮೆಕ್ಯಾನಿಕ್ ಯಾವ ಗಾಡಿಯ ಕೆಲಸವನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತಾರೋ ಅದೇ ನಿಮಗೆ ತಕ್ಕ ಗಾಡಿ.

ನಮ್ಮ ಕಡೆಯವರ ಮನಸ್ಸು ಸಹಜವಾಗಿಯೇ ಜಾವಾ ಮತ್ತು ಯೆಜ್ದಿಗಳ ಕಡೆಗೆ ಹೋಗುತ್ತದೆ. ಅವು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಗಾಡಿಗಳು. ಇಂಜಿನ್ ಸರಳವಾಗಿರುವುದರಿಂದ ಕಲಿಯುವ ಆಸೆಯಿರುವವರಿಗೆ ಇವು ಬಹಳ ಒಳ್ಳೆಯ ಪಾಠಶಾಲೆ. ಬಿಡಿಭಾಗಗಳು ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು, ಆದರೆ ಈಚೆಗೆ ಅದೇ ಹೆಸರುಗಳಲ್ಲಿ ಬಂದಿರುವ ಹೊಸ ಬೈಕುಗಳ ಇಂಜಿನ್ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಹಳೆಯ ಬುಲೆಟ್ 350ರಲ್ಲಿ ಗೇರ್ ಬಲಗಾಲಿಗೂ ಬ್ರೇಕ್ ಎಡಗಾಲಿಗೂ ಇರುವುದರಿಂದ, ಮನೆಯಲ್ಲಿ ಈಗಿನ ಬೈಕನ್ನೂ ಓಡಿಸುವವರು ಗಾಬರಿಯ ಕ್ಷಣದಲ್ಲಿ ತಪ್ಪು ಕಾಲನ್ನು ಒತ್ತುವ ಅಪಾಯವಿದೆ. ಯಮಹಾ ಆರ್‌ಎಕ್ಸ್ 100 ಹಗುರ ಮತ್ತು ಚುರುಕು. ಆದರೆ ಬೇಡಿಕೆ ಹೆಚ್ಚಾಗಿರುವುದರಿಂದ ಎರಡು ಮೂರು ಗಾಡಿಗಳ ಭಾಗಗಳನ್ನು ಕೂಡಿಸಿ, ಬಣ್ಣ ಹೊಡೆದು ಮಾರುವುದು ಇದರಲ್ಲಿ ಹೆಚ್ಚು.

ನನ್ನನ್ನು ಕೇಳಿದರೆ, ಹೊಸ ಬಣ್ಣದಲ್ಲಿ ಮಿರುಗುವ ಗಾಡಿಗಿಂತ ತೋಟದ ಮನೆಯಲ್ಲಿ ಧೂಳು ಹಿಡಿದು ನಿಂತಿರುವ, ಒಂದೇ ಮನೆಯವರು ಇಟ್ಟುಕೊಂಡ ಗಾಡಿ ಮೇಲು. ಬಣ್ಣವು ಬೆಸುಗೆ, ಪುಟ್ಟಿ, ತುಕ್ಕು ಎಲ್ಲವನ್ನೂ ಮುಚ್ಚುತ್ತದೆ. ಧೂಳನ್ನಾದರೆ ಬಟ್ಟೆಯಿಂದ ಒರೆಸಿ ನೋಡಬಹುದು.

ನೋಡಲು ಹೋಗುವಾಗ ಇಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮುಂಚೆಯೇ ಹೇಳಿರಿ. ಹೋದ ಕೂಡಲೇ ಸಿಲಿಂಡರಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅದು ತಣ್ಣಗಾಗುವವರೆಗೆ ಕಾಯಿರಿ, ಏಕೆಂದರೆ ಬಿಸಿ ಇಂಜಿನ್ ತನ್ನ ದೋಷಗಳನ್ನು ಮುಚ್ಚಿಡುತ್ತದೆ. ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿದಾಗ ಒಂದು ಹಂತದಲ್ಲಿ ಗಟ್ಟಿಯಾದ ತಡೆ ಸಿಗಬೇಕು. ಸಿಗದಿದ್ದರೆ ಪಿಸ್ಟನ್, ರಿಂಗ್ ಸವೆದಿವೆ ಎಂದು ಅನುಮಾನಿಸಬೇಕು. ಆಗ ಎಷ್ಟನೆಯ ಬೋರಿಂಗ್ ಆಗಿದೆ ಎಂದು ಕೇಳಿರಿ: ಪ್ರತಿ ಬೋರಿಂಗಿಗೂ ಸಾಮಾನ್ಯವಾಗಿ 0.25 ಮಿ.ಮೀ. ದೊಡ್ಡ ಪಿಸ್ಟನ್ ಹಾಕುತ್ತಾರೆ, ಕೊನೆಯ ಅಳತೆ ತಲುಪಿದ ಮೇಲೆ ಸಿಲಿಂಡರಿಗೆ ಹೊಸ ಸ್ಲೀವ್, ಎಂದರೆ ಒಳಗಿನ ಕೊಳವೆ, ಕೂರಿಸಬೇಕಾಗುತ್ತದೆ. ಜಾವಾ, ಯೆಜ್ದಿಗಳಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿರುವುದರಿಂದ, ಸ್ಟಾರ್ಟ್ ಆದ ಮೇಲೆ ಅದು ಗೇರಿನ ಸ್ಥಾನಕ್ಕೆ ಸರಿಯಾಗಿ ಮರಳಿ ಕೂರುತ್ತದೆಯೇ ಎಂಬುದನ್ನೂ ಗಮನಿಸಬೇಕು. ಜಾವಾ, ಯೆಜ್ದಿ, ಆರ್‌ಎಕ್ಸ್ 100ರಂತಹ ಟೂ ಸ್ಟ್ರೋಕ್ ಗಾಡಿ ಪೆಟ್ರೋಲಿನೊಡನೆ ಆಯಿಲನ್ನೂ ಉರಿಸುವುದರಿಂದ ಶುರುವಿನಲ್ಲಿ ಹೊಗೆ ಬಿಡುವುದು ಸಹಜ. ಆದರೆ ಇಂಜಿನ್ ಕಾದ ಮೇಲೂ ದಟ್ಟವಾದ ಹೊಗೆ ನಿಲ್ಲದಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹಾಳಾಗಿ ಗೇರ್ ಆಯಿಲ್ ಒಳಗೆ ಸೆಳೆದು ಉರಿಯುತ್ತಿರಬಹುದು. ಇಂಜಿನ್ನಿನ ಆಳದಿಂದ ಕೇಳಿಬರುವ, ಭಾರ ಬಿದ್ದಾಗ ಹೆಚ್ಚಾಗುವ ಬಡಿತ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುವುದರ ಗುರುತು. ಅದಕ್ಕೆ ಇಡೀ ಇಂಜಿನ್ ಬಿಚ್ಚಲೇಬೇಕು.

ಬಿ.ಎಚ್. ರಸ್ತೆಯ ಸಮತಟ್ಟಿನಲ್ಲಿ ಓಡಿಸಿ ನೋಡಿದರೆ ಸಾಲದು. ಮಾರುವವರು ಒಪ್ಪಿದರೆ ಒಬ್ಬರನ್ನು ಹಿಂದೆ ಕೂರಿಸಿಕೊಂಡು ನಾಮದ ಚಿಲುಮೆಯ ದಾರಿಯಾಗಿ ದೇವರಾಯನದುರ್ಗದ ಬೆಟ್ಟ ಹತ್ತಿಸಿರಿ. ಕ್ಲಚ್ ಜಾರುವುದು, ಕಾದ ಇಂಜಿನ್ ಶಕ್ತಿ ಕಳೆದುಕೊಳ್ಳುವುದು, ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುವುದು ಏರಿನಲ್ಲಿಯೇ ಗೊತ್ತಾಗುತ್ತವೆ. ಇಳಿಯುವಾಗ ಡ್ರಮ್ ಬ್ರೇಕಿನ ಪರೀಕ್ಷೆಯೂ ಆಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಪೆಟ್ರೋಲಿನಲ್ಲಿಯೇ ಆಯಿಲ್ ಬೆರೆಸುವ ಗಾಡಿಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿದರೆ ಪಿಸ್ಟನ್ನಿಗೆ ಆಯಿಲ್ ಸಾಲದೆ ಹಿಡಿದುಕೊಳ್ಳಬಹುದು, ಆಗಾಗ ಸ್ವಲ್ಪ ತಿರುವಿ ಕೊಡುತ್ತಿರಬೇಕು.

ಇಂಜಿನ್ನಿನ ದೋಷವನ್ನು ಹಣ ಕೊಟ್ಟು ಸರಿಪಡಿಸಬಹುದು, ದಾಖಲೆಯ ದೋಷಕ್ಕೆ ಅನೇಕ ಬಾರಿ ಪರಿಹಾರವೇ ಇರುವುದಿಲ್ಲ. ಚಾಸಿಸ್ ನಂಬರಿನ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಅಂಕಿಗಳು ಸೊಟ್ಟಗಿದ್ದರೆ, ಆಳದಲ್ಲಿ ಹೆಚ್ಚು ಕಡಿಮೆಯಿದ್ದರೆ, ಸುತ್ತ ಉಜ್ಜಿದ ಗೆರೆಗಳು ಮೂಡಿದರೆ ಆ ಗಾಡಿಯನ್ನು ಬಿಟ್ಟುಬಿಡಿ. ಚಾಸಿಸ್ ನಂಬರು, ಇಂಜಿನ್ ನಂಬರು ಎರಡೂ ಆರ್‌ಸಿಯೊಡನೆ ಅಕ್ಷರಶಃ ತಾಳೆಯಾಗಬೇಕು. ಎಂವೈ, ಸಿಎ ಎಂದು ಶುರುವಾಗುವ ಹಳೆಯ ನೋಂದಣಿಯ ಗಾಡಿಗಳ ವಿವರ ಕಂಪ್ಯೂಟರಿಗೆ ಏರದೆ ಉಳಿದಿರಬಹುದು. ವಾಹನ ನೋಂದಣಿಯ ಸರ್ಕಾರಿ ಜಾಲತಾಣವಾದ ಪರಿವಾಹನ್‌ನಲ್ಲಿ ಕಾಣದಿದ್ದರೆ ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿರಿ. ಹದಿನೈದು ವರ್ಷದ ನಂತರ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು, ಬೇರೆ ಆರ್‌ಟಿಒ ವ್ಯಾಪ್ತಿಯಿಂದ ತರುವುದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವನ್ನೂ ಕೇಳಬಹುದು. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ನಮೂನೆ 31ರಲ್ಲಿ ವರ್ಗಾವಣೆ ಮಾಡಿಸಿಕೊಳ್ಳಲು ಹೇಳಿರಿ.

ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ 2021ರ ನಿಯಮದ ಪ್ರಕಾರ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿ ದೊರೆಯುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಂತಹ ಕೆಲವು ಉದ್ದೇಶಗಳಿಗಷ್ಟೇ ರಸ್ತೆಗೆ ಇಳಿಸಬಹುದಾದ್ದರಿಂದ, ದಿನವೂ ಓಡಿಸುವ ಆಸೆಯಿರುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳುವುದು ಸರಿ.

ಕೊಂಡ ಮೇಲೆ ಮೊದಲು ವೈರಿಂಗ್, ಬ್ರೇಕ್ ಶೂ, ಟೈರ್, ಕೇಬಲ್‌ಗಳಿಗೆ ಖರ್ಚು ಮಾಡಿ, ಬಣ್ಣ ಕೊನೆಗಿರಲಿ. ಹೊಸದಾಗಿ ಬೋರಿಂಗ್ ಆದ ಯೆಜ್ದಿಗೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಟಿ (ಟೂ ಸ್ಟ್ರೋಕ್) ಆಯಿಲ್ ಅಳೆದೇ ಹಾಕಬೇಕು. ಪ್ಲಗ್ಗಿಗೆ ಕಿಡಿ ಕೊಡಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಅಂತರವನ್ನು ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿಯಿಂದ ಸುಮಾರು 0.4 ಮಿ.ಮೀ.ಗೆ ಇಡುವುದನ್ನು ನೀವೇ ಕಲಿತುಕೊಳ್ಳಿ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ತೇವವನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪು, ಕಾರ್ಬುರೇಟರಿನ ವಾಷರುಗಳನ್ನು ಹೊಸದಾಗಿ ಹಾಕಿಸಿರಿ. ಕೆಲವು ವಾರ ಓಡಿಸದೆ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಬಿಡಿ.