ಹೊಸಬರಿಂದ ಹಿಂದಕ್ಕೆ: ತೈವಾನಿನ ಹಾಡುಗಾರರನ್ನು ನಾನು ಕೇಳಿದ ಬಗೆ

ತೈವಾನಿನ ಹಾಡು ಕೇಳಬೇಕು, ಯಾರಿಂದ ಶುರು ಮಾಡೋಣ ಅಂತ ಬೆಂಗಳೂರಿನ ಗೆಳೆಯರು ಆಗಾಗ ಕೇಳುತ್ತಾರೆ. ಸಾಮಾನ್ಯವಾಗಿ ಎಲ್ಲರೂ ತೆರೇಸಾ ಟೆಂಗ್ ಅಥವಾ ಜೇ ಚೌ ಹೆಸರು ಹೇಳಿಬಿಡುತ್ತಾರೆ. ನಾನು ಹೇಳುವುದು ಬೇರೆ. ಈಗ ಹಾಡುತ್ತಿರುವ ಒಬ್ಬ ಹೊಸಬರನ್ನು ಹಿಡಿಯಿರಿ. ಅವರು ಯಾರನ್ನು ಕೇಳಿ ಬೆಳೆದರು ಅಂತ ಹುಡುಕುತ್ತಾ ಹಿಂದಕ್ಕೆ ಹೋಗಿ. ಶಿಂಚು ಊರಿನ ಚಿಪ್ ಕಂಪನಿಯೊಂದಕ್ಕೆ ಕೆಲಸಕ್ಕೆ ಬಂದ ಮೇಲೆ ನಾನು ಹಾಗೇ ಮಾಡಿದೆ.

ನನಗೆ ಮೊದಲು ಸಿಕ್ಕಿದ್ದು ಆಕ್ಯೂಸ್‌ಫೈವ್. ಯೀಲಾನ್ ಕಡೆಯ ಮೂವರ ತಂಡ. ಒಂದು ಗಂಡು ದನಿ, ಒಂದು ಹೆಣ್ಣು ದನಿ, ಹಿಂದೆ ಡ್ರಮ್ಸ್. ಹಾಡುಗಳು ಮಾತಾಡಿದಷ್ಟು ಸಲೀಸು. ಇಲ್ಲಿನ ಶಾಲೆ, ಕಚೇರಿಯ ಭಾಷೆಯಾದ ಮ್ಯಾಂಡರಿನ್ ಆಗಷ್ಟೇ ಕಲಿಯುತ್ತಿದ್ದ ನನಗೂ ಅಲ್ಲಲ್ಲಿ ಸಾಲು ಅರ್ಥವಾಗುತ್ತಿತ್ತು. ಇವರು ಇಷ್ಟವಾದರೆ ಮೇಡೇ ಕೇಳಲೇಬೇಕು ಅಂದರು ಸಹೋದ್ಯೋಗಿಗಳು. ಮೇಡೇ 1997ರಲ್ಲಿ ಕಟ್ಟಿದ ರಾಕ್ ತಂಡ. 1999ರಲ್ಲಿ ಮೊದಲ ಆಲ್ಬಮ್ ಬಂತು, ಈಗಲೂ ಸ್ಟೇಡಿಯಂ ತುಂಬಿಸುತ್ತಾರೆ. ಆ ಮೊದಲ ಆಲ್ಬಮ್‌ನಲ್ಲಿ ಮ್ಯಾಂಡರಿನ್ ಜೊತೆಗೆ ಹೊಕ್ಕಿಯೆನ್ ಹಾಡುಗಳೂ ಇವೆ. ಹೊಕ್ಕಿಯೆನ್ ಅಂದರೆ ಇಲ್ಲಿನವರು ತೈವಾನೀಸ್ ಎಂದೇ ಕರೆಯುವ ಮನೆಮಾತು. ನನ್ನ ದಾರಿ ತಿರುಗಿದ್ದು ಅಲ್ಲೇ.

ಆ ಭಾಷೆಯ ರಾಕ್ ಎಂದರೆ ವೂ ಬಾಯ್. 1968ರಲ್ಲಿ ಚಿಯಾಯಿ ಕೌಂಟಿಯಲ್ಲಿ ಹುಟ್ಟಿದವರು. ಒರಟು ದನಿ, ಕೈಯಲ್ಲಿ ಗಿಟಾರ್, ಜೊತೆಗೆ ಚೈನಾ ಬ್ಲೂ ಎಂಬ ತಂಡ. 1998ರಲ್ಲಿ ಅವರು ತಂದ ಹೊಕ್ಕಿಯೆನ್ ಆಲ್ಬಮ್ ಇವತ್ತಿಗೂ ಹಳತು ಅನಿಸುವುದಿಲ್ಲ. ಅವರ 1996ರ ಒಂದು ಹಾಡು 2019ರ ಟಿವಿ ಧಾರಾವಾಹಿಯಲ್ಲಿ ಬಂದು ಮತ್ತೆ ಎಲ್ಲರ ಬಾಯಿಗೆ ಬಿತ್ತು. ಅದು ಬಂದಾಗ ಇನ್ನೂ ಹುಟ್ಟಿರದ ಹುಡುಗರು ಅದನ್ನು ಕೆಟಿವಿಯಲ್ಲಿ ಕಿರುಚಿ ಹಾಡುತ್ತಾರೆ.

ಕೆಟಿವಿ ಅಂದರೆ ಗೆಳೆಯರೇ ಒಂದು ಕೋಣೆ ಬಾಡಿಗೆಗೆ ಹಿಡಿದು ಹಾಡುವ ಜಾಗ. ಸಾಹಿತ್ಯ ಪರದೆ ಮೇಲೆ ಓಡುತ್ತದೆ. ಹಾಡುಗಳನ್ನು ಭಾಷೆ ಪ್ರಕಾರ ಬೇರೆ ಮಾಡಿ ಇಟ್ಟಿರುತ್ತಾರೆ. ಅಲ್ಲಿ ಹಾಡಲೇಬೇಕು ಅಂತ ನಾನು ಕಂಡುಕೊಂಡ ಉಪಾಯ, ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು. ಇದು ಅದ್ಭುತವಾಗಿ ಕೆಲಸ ಮಾಡುತ್ತದೆ. ರೋಮನ್ ಲಿಪಿಯಲ್ಲಿ 'ಬಿ' ಅಕ್ಷರ ಹಾಕಿ ಬರೆಯುವ ಮ್ಯಾಂಡರಿನ್ ಸದ್ದು ನಿಜಕ್ಕೂ ನಮ್ಮ ಪ. 'ಪಿ' ಹಾಕಿದ್ದು ಫಲ ಎನ್ನುವಾಗಿನ ಫ. ಕ–ಖ, ತ–ಥ ಕೂಡ ಹಾಗೇ. ಹೊಕ್ಕಿಯೆನ್‌ನಲ್ಲಂತೂ ಪ, ಫ, ಬ ಮೂರೂ ಬೇರೆ ಬೇರೆ. ಇಂಗ್ಲಿಷ್ ಬಲ್ಲವರು ಒದ್ದಾಡುವ ಕಡೆ ನಮ್ಮ ಲಿಪಿ ಆರಾಮಾಗಿ ನಿಲ್ಲುತ್ತದೆ. ಇನ್ನು ಮ್ಯಾಂಡರಿನ್‌ನಲ್ಲಿ ಪದದ ಅರ್ಥವನ್ನೇ ಬದಲಿಸುವ ಸ್ವರದ ಏರಿಳಿತ ತಪ್ಪುತ್ತದೆ ಎಂಬ ಭಯ ಬೇಡ. ಪಾಪ್ ಹಾಡಿನಲ್ಲಿ ಹೆಚ್ಚಾಗಿ ರಾಗವೇ ಅದನ್ನು ನುಂಗಿಬಿಡುತ್ತದೆ.

ವೂ ಬಾಯ್‌ನಿಂದ, ಹೆಚ್ಚಾಗಿ ಹೊಕ್ಕಿಯೆನ್‌ನಲ್ಲೇ ಹಾಡುವ ಗಾಯಕಿ ಜೋಡಿ ಚಿಯಾಂಗ್‌ಗೆ ಹೋದೆ. ನನ್ನ ಮಟ್ಟಿಗೆ ತೈವಾನಿನ ಅತಿ ದೊಡ್ಡ ದನಿ ಇದೇ. 1961ರಲ್ಲಿ ಹುಟ್ಟಿದವರು. ಮನೆಯಲ್ಲಿ ಬಡತನ. ಚಿಕ್ಕ ವಯಸ್ಸಿನಲ್ಲೇ ತಂಗಿಯ ಜೊತೆ ಬೇಯ್‌ಟೌ ಬಿಸಿನೀರ ಬುಗ್ಗೆಗಳ ಹೋಟೆಲುಗಳಲ್ಲಿ ಅತಿಥಿಗಳ ಮುಂದೆ ಹಾಡಿ ದುಡಿದವರು. ಆಕೆ ದನಿ ಎತ್ತುವುದು ಕಡಿಮೆ. ಸಾಲಿನ ಕೊನೆಯನ್ನು ಸ್ವಲ್ಪ ತಡೆದು ಬಿಡುತ್ತಾರೆ, ಅಷ್ಟೇ. ಅರ್ಥ ಗೊತ್ತಿಲ್ಲದೆಯೂ ಗಂಟಲು ಕಟ್ಟುತ್ತದೆ. 2015ರಲ್ಲಿ ವಿದಾಯ ಹೇಳಿದ್ದರು. 2024ರಲ್ಲಿ ರಾಷ್ಟ್ರೀಯ ದಿನದ ಸಂಭ್ರಮದಲ್ಲಿ ಮತ್ತೆ ವೇದಿಕೆ ಹತ್ತಿದರು. ಮಾರನೆಯ ದಿನ ನಮ್ಮ ಆಫೀಸಿನಲ್ಲಿ ಬೇರೆ ಮಾತೇ ಇರಲಿಲ್ಲ.

ಆ ಸಡಗರ ಅರ್ಥವಾಗಬೇಕಾದರೆ ಸ್ವಲ್ಪ ಇತಿಹಾಸ ಬೇಕು. 1949ರಿಂದ 1987ರವರೆಗೆ ಇಲ್ಲಿ ಸೇನಾ ಕಾನೂನು ಇತ್ತು. ಸರಕಾರ ಮ್ಯಾಂಡರಿನ್ ಒಂದನ್ನೇ ಮುಂದಕ್ಕೆ ತಳ್ಳಿತು. ಟಿವಿ, ರೇಡಿಯೊದಲ್ಲಿ ಹೊಕ್ಕಿಯೆನ್ ಹಾಡಿಗೆ ಮಿತಿ ಹಾಕಿದ್ದರು. ಶಾಲೆಯಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ ಆಗುತ್ತಿತ್ತು. ಬಹುಪಾಲು ಜನರ ಮನೆಮಾತಿಗೇ ಈ ಗತಿ. ಅದಕ್ಕೇ ಹೇಳುವುದು, ಮ್ಯಾಂಡರಿನ್ ಪಾಪ್ ಒಂದನ್ನೇ ಕೇಳಿದರೆ ತೈವಾನ್ ಅರ್ಧವೂ ಸಿಗುವುದಿಲ್ಲ. ತುಳು, ಕೊಂಕಣಿ, ಕೊಡವ ಹಾಡು ಕೇಳಿ ಬೆಳೆದ ನಮ್ಮವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ದ್ವೀಪದ ಮೂಲನಿವಾಸಿಗಳ ಕತೆ ಇನ್ನೂ ಹಳೆಯದು. ಗಾಯಕಿ ಆ-ಮೇಯ್ 1972ರಲ್ಲಿ ತಾಯ್‌ತುಂಗ್‌ನ ಪುಯುಮಾ ಸಮುದಾಯದಲ್ಲಿ ಹುಟ್ಟಿದರು. 1996ರ ಮೊದಲ ಆಲ್ಬಮ್‌ನಿಂದಲೇ ದೊಡ್ಡ ತಾರೆ. 2000ರಲ್ಲಿ ತೈವಾನ್ ಅಧ್ಯಕ್ಷರ ಪದಗ್ರಹಣದಲ್ಲಿ ಅಲ್ಲಿನ ರಾಷ್ಟ್ರಗೀತೆ ಹಾಡಿದ್ದಕ್ಕೆ ಚೀನಾ ಕೆಲಕಾಲ ಅವರ ಮೇಲೆ ನಿಷೇಧ ಹೇರಿತು. ಅವರ ತಾರಸ್ಥಾಯಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರ ಪೈವಾನ್ ಸಮುದಾಯದ ಅಬಾವ್. ತಾಯಿ, ಅಜ್ಜಿಯರ ಜೊತೆ ಕೂತು ಹಳೆಯ ಹಾಡುಗಳನ್ನು ರೆಕಾರ್ಡ್ ಮಾಡಿದವರು. ಆಮೇಲೆ ಅದೇ ಪೈವಾನ್ ಭಾಷೆಗೆ ಎಲೆಕ್ಟ್ರಾನಿಕ್ ಸಂಗೀತ, ಸೋಲ್ ಎಂಬ ಅಮೆರಿಕನ್ ಶೈಲಿ ಎಲ್ಲ ಸೇರಿಸಿದರು. ತೈವಾನಿನ ದೊಡ್ಡ ಸಂಗೀತ ಪ್ರಶಸ್ತಿಯಾದ ಗೋಲ್ಡನ್ ಮೆಲೊಡಿಯಲ್ಲಿ 2020ರಲ್ಲಿ ವರ್ಷದ ಆಲ್ಬಮ್ ಅವರದೇ. ಇಡೀ ಮ್ಯಾಂಡರಿನ್ ಉದ್ಯಮವನ್ನು ದಾಟಿ ಪೈವಾನ್ ಆಲ್ಬಮ್ ಗೆದ್ದಿತು! ಈ ಬರಹ ಓದಿ ಒಬ್ಬರನ್ನೇ ಕೇಳುವುದಾದರೆ ಅಬಾವ್ ಅವರನ್ನು ಕೇಳಿ.

ಜೇ ಚೌ, ಜೋಲಿನ್ ತ್ಸಾಯ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವರು ತಾವಾಗಿಯೇ ಸಿಗುತ್ತಾರೆ. ಜೇ ಚೌ ಅವರ 2000ದ ಮೊದಲ ಆಲ್ಬಮ್ ಮಾತ್ರ ಪೂರ್ತಿ ಕೇಳಿ. ಅಲ್ಲಿಂದ ಮುಂದೆ ಮ್ಯಾಂಡರಿನ್ ಪಾಪ್‌ನ ನಡಿಗೆಯೇ ಬದಲಾಯಿತು.

ತೆರೇಸಾ ಟೆಂಗ್ ಹತ್ತಿರ ಬಂದದ್ದು ಇವರೆಲ್ಲ ಆದ ಮೇಲೆ. 1953ರಲ್ಲಿ ಯುನ್‌ಲಿನ್‌ನಲ್ಲಿ ಹುಟ್ಟಿ, 1995ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ತೀರಿಕೊಂಡರು. ಮ್ಯಾಂಡರಿನ್, ಹೊಕ್ಕಿಯೆನ್, ಕ್ಯಾಂಟನೀಸ್, ಜಪಾನಿ, ಇಂಡೊನೇಷಿಯನ್, ಎಲ್ಲದರಲ್ಲೂ ಹಾಡಿದವರು. 1979ರ ಅವರ ಪ್ರಸಿದ್ಧ 'ಥ್ಯೆನ್ ಮಿ ಮಿ' ಹಾಡಿನ ರಾಗ ಕೂಡ ಇಂಡೊನೇಷ್ಯಾದ ಜನಪದದ್ದು. ಜಿನ್‌ಶಾನ್ ಬೆಟ್ಟದ ಅವರ ಸಮಾಧಿಗೆ ಹೋಗಿದ್ದೆ. ಅಲ್ಲಿ ದೊಡ್ಡ ಪಿಯಾನೊ ಕೀಲಿಮಣೆ ಇದೆ, ಅದರ ಮೇಲೆ ಮಕ್ಕಳು ಕುಣಿಯುತ್ತಾರೆ. ಮೊದಲೇ ಕೇಳಿದ್ದರೆ ಸುಮ್ನೆ ಸಿಹಿಯಾದ ದನಿ ಅಂದುಕೊಳ್ಳುತ್ತಿದ್ದೆನೇನೋ. ಉಳಿದವರನ್ನು ಕೇಳಿ ಬಂದ ಕಿವಿಗೆ ಆ ಉಸಿರಿನ ಹಿಡಿತ, ಅಕ್ಷರದ ಶುದ್ಧಿ ಕಾಣಿಸಿತು.

ಹುಡುಕುವಾಗ ಒಂದು ಕೆಲಸ ಮಾಡಿ. ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆದರೆ ಅರ್ಧ ಹಾಡುಗಳೂ ಸಿಗುವುದಿಲ್ಲ. ಚೀನೀ ಲಿಪಿಯ ಹೆಸರನ್ನು ಕಾಪಿ ಮಾಡಿ ಹಾಕಿ. ಗೋಲ್ಡನ್ ಮೆಲೊಡಿ ನಾಮನಿರ್ದೇಶನದ ಪಟ್ಟಿಯನ್ನು ವರ್ಷ ವರ್ಷ ನೋಡಿ, ಹೊಸಬರು ಅಲ್ಲೇ ಸಿಗುತ್ತಾರೆ.

ನಾನೀಗ ಇರುವುದು ತಮ್ಮದೇ ಭಾಷೆಯಿರುವ ಹಕ್ಕಾ ಜನ ಹೆಚ್ಚಿರುವ ಸೀಮೆಯಲ್ಲಿ, ಹಾಗಾಗಿ ಲಿನ್ ಶೆಂಗ್-ಶಿಯಾಂಗ್ ಕೇಳುತ್ತಿದ್ದೇನೆ. ತಮ್ಮೂರು ಮೇಯ್‌ನುಂಗ್‌ನ ಅಣೆಕಟ್ಟು ವಿರೋಧಿ ಚಳವಳಿಯ ಜೊತೆ ಹಾಡಿದ ರೈತರ ಮಗ. 2007ರಲ್ಲಿ ಹಕ್ಕಾ ಗಾಯಕ, ಹಕ್ಕಾ ಆಲ್ಬಮ್ ಎಂಬ ಎರಡು ಗೋಲ್ಡನ್ ಮೆಲೊಡಿ ಪ್ರಶಸ್ತಿ ಬಂದಾಗ ಅವರು ಬೇಡ ಅಂದರು. ಸಂಗೀತವನ್ನು ಭಾಷೆಯಿಂದಲ್ಲ, ಸಂಗೀತದ ಪ್ರಕಾರದಿಂದ ವಿಂಗಡಿಸಿ ಎಂಬುದು ಅವರ ವಾದ. ಭಾಷೆ ಹಿಡಿದು ಹುಡುಕಿದ ನನ್ನ ದಾರಿಗೇ ಇದು ಅಡ್ಡ ಬರುವ ಮಾತು. ಆದರೂ ಆ ಭಾಷೆಯ ದಾರಿ ಹಿಡಿದಿದ್ದಕ್ಕೇ ನನಗೆ ಅವರು ಸಿಕ್ಕರು. ಅವರ ಚಂದ್ರವೀಣೆ (ಚಂದ್ರನಂತೆ ದುಂಡಗಿನ ತಂತಿವಾದ್ಯ), ಗಿಟಾರ್ ಎರಡೂ ಕೂಡಿದ ಹಾಡುಗಳನ್ನು ಮೊದಲು ಕೇಳಿ.