ಕರಡು ಕಾನೂನಿಗೆ ಸಲಹೆ, ಆಕ್ಷೇಪಣೆ ಬರೆಯುವುದು ಹೇಗೆ?

ಮಾನವ ಹಕ್ಕುಗಳಿಗೆ ಸಂಬಂಧಿಸಿದ ಮಸೂದೆಯೋ ನಿಯಮಾವಳಿಯೋ ಕರಡಿನ ಹಂತದಲ್ಲಿರುವಾಗ ಸರ್ಕಾರವು ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಆಹ್ವಾನಿಸುತ್ತದೆ. ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆಯಿಂದ ಹೋಗುವ ಪತ್ರಗಳಲ್ಲಿ ಹೆಚ್ಚಿನವು ಧರಣಿ ಮುಗಿಸಿ ಜಿಲ್ಲಾಧಿಕಾರಿಗೆ ಕೊಡುವ ಮನವಿಯ ಧಾಟಿಯಲ್ಲೇ ಇರುತ್ತವೆ. ಸಂವಿಧಾನದ ಆಶಯದಿಂದ ಆರಂಭವಾಗಿ ‘ಸೂಕ್ತ ಕ್ರಮಕ್ಕೆ ಒತ್ತಾಯ’ದಲ್ಲಿ ಮುಗಿಯುವ ಇಂತಹ ಪತ್ರದಲ್ಲಿ ಕರಡು ತಿದ್ದುವ ಅಧಿಕಾರಿಗೆ ತಿದ್ದುವಂಥದ್ದೇನೂ ಸಿಗುವುದಿಲ್ಲ.

1. ಕರಡಿನ ಮೂಲ ಪ್ರತಿಯನ್ನೇ ಪಡೆಯಿರಿ; ಪತ್ರಿಕಾ ವರದಿ ಸಾಲದು. ರಾಜ್ಯದ ಕರಡು ನಿಯಮಗಳು ರಾಜ್ಯಪತ್ರದಲ್ಲಿ, ಕೇಂದ್ರದವು ಆಯಾ ಸಚಿವಾಲಯದ ಜಾಲತಾಣದಲ್ಲಿ ದೊರೆಯುತ್ತವೆ. ಕೇಂದ್ರದ ಕರಡು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿರಬೇಕು ಎಂಬುದು 2014ರ ಶಾಸನಪೂರ್ವ ಸಮಾಲೋಚನಾ ನೀತಿ. ಅದು ನೀತಿಯೇ ಹೊರತು ಕಾಯ್ದೆಯಲ್ಲವಾದ್ದರಿಂದ ಗಡುವು ವಿಸ್ತರಣೆಯಾಗಬಹುದೆಂದು ಕಾಯುತ್ತಾ ಕೂರಬೇಡಿ.

2. ಪರಿಭಾಷೆ, ಜಾರಿ ಅಧಿಕಾರಿ, ದಂಡನೆ ಈ ಮೂರು ಭಾಗಗಳನ್ನು ಮೊದಲು ಓದಿ.

3. ಕೆಲಸ ಕೆಡುವುದು ಬರೆಯುವ ಹಂತದಲ್ಲಿ. ಪ್ರತಿ ಆಕ್ಷೇಪಣೆಯಲ್ಲೂ ನಿಯಮದ ಸಂಖ್ಯೆ, ಅಲ್ಲಿರುವ ಪದಗಳು, ಅವುಗಳಿಂದ ನಿಮ್ಮೂರಿನಲ್ಲಿ ಆಗುವ ತೊಂದರೆ, ಬದಲಿ ಪದಗಳು ಇದೇ ಕ್ರಮದಲ್ಲಿ ಇರಬೇಕು. ನಮ್ಮ ಗೊಲ್ಲರಹಟ್ಟಿಗಳನ್ನೇ ತೆಗೆದುಕೊಳ್ಳೋಣ. ಮುಟ್ಟಾದ ಅಥವಾ ಹೆರಿಗೆಯಾದ ಹೆಣ್ಣುಮಕ್ಕಳನ್ನು ಬಲವಂತವಾಗಿ ಹಟ್ಟಿಯಿಂದ ಹೊರಗಿಡುವ ಪದ್ಧತಿ, ಜನ ಮೌಢ್ಯ ನಿಷೇಧ ಕಾಯ್ದೆಯೆಂದು ಕರೆಯುವ 2017ರ ರಾಜ್ಯ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಅದು 2020ರಲ್ಲಿ ಜಾರಿಗೆ ಬಂತು. ಇಂತಹ ಕಾಯ್ದೆಯ ಕರಡು ನಿಯಮವೊಂದರಲ್ಲಿ ‘ಬಾಧಿತಳಿಂದ ದೂರು ಬಂದಲ್ಲಿ ಅಧಿಕಾರಿಯು ಸ್ಥಳ ಪರಿಶೀಲಿಸತಕ್ಕದ್ದು’ ಎಂದಿದೆಯೆಂದು ಭಾವಿಸಿ. ‘ಇದು ಮಹಿಳಾ ವಿರೋಧಿ’ ಎಂದು ಬರೆದರೆ ಆ ವಾಕ್ಯ ಹಾಗೆಯೇ ಉಳಿಯುತ್ತದೆ. ಹೊರಗಿರುವ ಹೆಣ್ಣುಮಗಳು ಅತ್ತೆ, ಗಂಡನ ಮೇಲೆ ತಾನೇ ದೂರು ಕೊಡಲಾರಳು ಎಂಬುದನ್ನು ಎರಡು ಸಾಲಿನಲ್ಲಿ ವಿವರಿಸಿ, ‘ಬಾಧಿತಳಿಂದ ದೂರು ಬಂದಲ್ಲಿ’ ಎಂಬ ಪದಗಳ ಬದಲಿಗೆ ‘ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯೂ ಸೇರಿದಂತೆ ಯಾರಿಂದಲಾದರೂ ಮಾಹಿತಿ ಬಂದಲ್ಲಿ, ಅವರ ಹೆಸರನ್ನು ಗೋಪ್ಯವಾಗಿಟ್ಟು, ಮೂರು ದಿನಗಳೊಳಗೆ’ ಎಂದು ಸೇರಿಸುವಂತೆ ಕೇಳಿ. ಗಡುವಿಲ್ಲದ ‘ತಕ್ಕದ್ದು’ ಕಡತದಲ್ಲೇ ಮಲಗುತ್ತದೆ. ಹೆಸರು ಬಯಲಾಗುವುದಾದರೆ ಅದೇ ಊರಿನಲ್ಲಿ ಬಾಳಬೇಕಾದ ಅಂಗನವಾಡಿ ಕಾರ್ಯಕರ್ತೆ ಬಾಯಿ ಬಿಡುವುದಿಲ್ಲ.

ಈ ವಿವರಗಳು ಸಂಘದ ಕಚೇರಿಯಲ್ಲಿ ಕುಳಿತರೆ ಸಿಗುವುದಿಲ್ಲ. ಗ್ರಾಮಸಭೆಯಲ್ಲಿ ಊರ ಹಿರಿಯರ ಎದುರು ಇಂತಹ ವಿಷಯವನ್ನು ಕೇಳಲೇಬಾರದು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಮಹಿಳೆಯರೇ ಕೇಳಬೇಕು. ತಾಲ್ಲೂಕು, ವರ್ಷ ನಮೂದಿಸಿ, ನೊಂದವರ ಹೆಸರನ್ನು ಮಾತ್ರ ಬರೆಯಬೇಡಿ. ಯಾರಿಗಾದರೂ ಪರಿಹಾರ ಬೇಕಿದ್ದರೆ ಮಾನವ ಹಕ್ಕುಗಳ ಆಯೋಗಕ್ಕೆ ಪ್ರತ್ಯೇಕ ದೂರು ಸಲ್ಲಿಸಬೇಕು, ಅದೂ ಘಟನೆ ನಡೆದ ಒಂದು ವರ್ಷದೊಳಗೆ.

ಮೂರು ಆಕ್ಷೇಪಣೆಗಳು, ಎರಡು ಪುಟಗಳು ಸಾಕು. ಭಾರತದ ಮಾನವ ಹಕ್ಕುಗಳ ಸ್ಥಿತಿಯನ್ನು ವಿಶ್ವಸಂಸ್ಥೆ ಪರಾಮರ್ಶಿಸುವಾಗಲೂ ಒಂದೊಂದು ಸಂಘಟನೆಯ ವರದಿಗೆ 2,815 ಪದಗಳ ಮಿತಿಯಿದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಿದ್ಧ ಪತ್ರಕ್ಕೆ ಹೆಸರು ಸೇರಿಸಿ ಕಳುಹಿಸುವ ಅಡ್ಡದಾರಿ ಬೇಡ; ಒಂದೇ ಒಕ್ಕಣೆಯ ಸಾವಿರ ಪತ್ರಗಳನ್ನು ಓದುವವರು ಒಂದೇ ಸಲಹೆಯೆಂದು ಬದಿಗಿಡುತ್ತಾರೆ. ಯುನಿಕೋಡ್‌ನಲ್ಲೇ ಬೆರಳಚ್ಚು ಮಾಡಿಸಿ. ಎಷ್ಟೋ ಡಿಟಿಪಿ ಅಂಗಡಿಗಳು ಇನ್ನೂ ಬಿಡದಿರುವ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತವು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ.

4. ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಒಂದು ಪ್ರತಿ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಲಿ. ಹಕ್ಕುಗಳ ರಕ್ಷಣೆಗಿರುವ ಕಾನೂನುಗಳನ್ನು ಪರಿಶೀಲಿಸಿ ಶಿಫಾರಸು ಮಾಡುವುದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 12ನೇ ಪ್ರಕರಣದಂತೆ ಆಯೋಗಗಳ ಕೆಲಸ.

5. ಅಂತಿಮ ನಿಯಮ ಪ್ರಕಟವಾದ ಮೇಲೆ ಅದನ್ನು ಕರಡಿನೊಂದಿಗೆ ಸಾಲುಸಾಲಾಗಿ ಹೋಲಿಸಿ. ನಿಮ್ಮ ಸಲಹೆ ಕೈಬಿಟ್ಟಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ಅದರ ಮೇಲಿನ ಕಡತದ ಟಿಪ್ಪಣಿಯ ಪ್ರತಿಯನ್ನು ಕೇಳಿ. ‘ಏಕೆ ಕೈಬಿಟ್ಟಿರಿ’ ಎಂದು ಪ್ರಶ್ನಿಸಿದರೆ ಅದು ಮಾಹಿತಿಯಲ್ಲವೆಂಬ ಹಿಂಬರಹ ಬರುವುದೇ ಹೆಚ್ಚು. ಕರ್ನಾಟಕದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಬೇಕು.